ಚಿಗರಿ ಸಾವ್ಕಾರನ ಜಾಗ

೪ ನವೆಂಬರ್ ೨೦೨೫, ಕುಳಗೇರಿ ಕ್ರಾಸ್, ಬೆಳಗ್ಗೆ ೬.೪೦

ಟ್ಯೂಬುಗಳೆಲ್ಲ ತುಂಬಿದವು. ಬಿಸಿಬಿಸಿ ಹಿಕ್ಕೆ, ಹೊಳಪು ಇನ್ನೂ ಆರಿಲ್ಲ. ಐಸ್ ಬಾಕ್ಸಿಗೆ ಸೇರಿಸಿ, ಗ್ಲೌಸ್ ಬಿಚ್ಚಿ, ಈಗ ಚಹಾ.

ಗೌಸಸಾಬರು ಗೇಟಿನ ಹತ್ತಿರ ನಿಂತು ದಿನದ ಪ್ರಶ್ನೆ ಕೇಳಿದರು — ಏನ್ರಿ ಹಿಕ್ಕಿ ಡಾಕ್ಟರ, ಇವತ್ತು ಬೆಳಿ ಹೆಂಗೈತ್ರಿ? ಈ ಜಿಂಕೆವನ ಶುರುವಾದಾಗಿನಿಂದ ಮೇವು ಹಾಕುವವರು ಅವರೇ. ಭರ್ಜರಿ ಬೆಳೆ ಅಂದೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗಿಲ್ಲ. ನನ್ನ ಪಿಎಚ್.ಡಿ ಹಿಕ್ಕೆಯ ಮೇಲೆಯೇ, ಮುಚ್ಚಿಡುವುದೇನು? ಹೆದರಿದ ಪ್ರಾಣಿಯ ರಕ್ತದಲ್ಲಿ ಏರುವ ಹಾರ್ಮೋನು ಒಂದು ದಿನದೊಳಗೆ ಹಿಕ್ಕೆಯಲ್ಲಿ ಇಳಿಯುತ್ತದೆ. ಪ್ರಾಣಿಯನ್ನು ಮುಟ್ಟಬೇಕಿಲ್ಲ, ಸೂಜಿ ಚುಚ್ಚಬೇಕಿಲ್ಲ, ಅದರ ಭಯ ಎಷ್ಟೆಂದು ತಿಳಿಯಬಹುದು. ಈ ಜಿಲ್ಲೆಯಲ್ಲಿ ಇದನ್ನು ಮಾಡುವವಳು ನಾನೊಬ್ಬಳೇ. ನನ್ನ ಡೈರಿ, ಹೇಳಿಕೊಳ್ಳಲು ನಾಚಿಕೆಯೇಕೆ.

ಇಲ್ಲಿ ಏಳು ಕೃಷ್ಣಮೃಗ. ನಮ್ಮ ಕಡೆ ಚಿಗರಿ ಅನ್ನುತ್ತೇವೆ. ಆರು ಹೆಣ್ಣು, ಒಂದು ಗಂಡು. ಗಂಡಿನ ಹೆಸರು ಸಾವ್ಕಾರ — ಗೌಸಸಾಬರೇ ಇಟ್ಟದ್ದು. ಎರಡು ವರ್ಷದ ಹಿಂದೆ ಕಾಲುವೆಗೆ ಬಿದ್ದವನನ್ನು ಎತ್ತಿ ತಂದರಂತೆ. ಗಾಯ ಮಾಯ್ದ ಮೇಲೆ ಬಿಡಬೇಕಿತ್ತು. ಬಿಡಲಿಲ್ಲ, ಇಟ್ಟುಕೊಂಡರು.

ಹೆಸರಿಗೆ ಸಾವ್ಕಾರ, ಬದುಕು ಕೂಲಿಯದು. ಬೇಲಿಯುದ್ದಕ್ಕೂ ಹೋಗುತ್ತಾನೆ, ಬರುತ್ತಾನೆ. ತಂತಿಗೆ ಉಜ್ಜಿ ಉಜ್ಜಿ ಕೋಡಿನ ತುದಿ ಸವೆದಿದೆ. ಮೆತ್ತನೆ ನೆಲದ ಮೇಲೆ ಗೊರಸು ಬೆಳೆದು ಬಾಗಿದೆ. ಬಯಲಿನ ಗಂಡು ಚಿಗರಿ ಇಷ್ಟು ಜಾಗ ನನ್ನದು ಅಂತ ಹಿಡಿಯುತ್ತದೆ. ನಡುವೆ ಒಂದೇ ಕಡೆ ದಿನಾ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ, ಅದರ ಮೇಲೆ ಕೂರುತ್ತದೆ, ಯಾರು ಬಂದರೂ ಓಡಿಸುತ್ತದೆ. ಇವನು ನಡೆನಡೆಯುತ್ತ ಎಲ್ಲೆಂದರಲ್ಲಿ ಚೆಲ್ಲುತ್ತಾನೆ, ಆಡಿನ ಹಾಗೆ. ಆಯುವಾಗ ನನಗೇ ಅವಮಾನ ಆಗುತ್ತದೆ.

೭ ನವೆಂಬರ್, ಬಾಗಲಕೋಟೆ

ನವನಗರದಲ್ಲಿ ಮೀಟಿಂಗ್. ಜಿಂಕೆವನ ನಡೆಸುವ ಟ್ರಸ್ಟಿನವರು ಇನ್ನು ಆಗದು ಅಂತ ಕೈ ಎತ್ತಿದ್ದಾರೆ. ಏಳನ್ನೂ ಹುನಗುಂದದ ಆಚೆಯ ಹುಲ್ಲುಬಯಲಿಗೆ ಬಿಡುವುದು ಅಂತ ತೀರ್ಮಾನ. ನನ್ನ ಖುಷಿ ಹೇಳತೀರದು... ಹೇಗೆ ಹಿಡಿಯುವುದು ಅನ್ನುವ ಮಾತು ಬರುವ ತನಕ.

ಡಾ. ಜಲಾಲುದ್ದೀನ ಸರ್ ಇದ್ದರು. ರಿಟೈರಾದರೂ ಕಾಡುಪ್ರಾಣಿ ಅಂದರೆ ಮೊದಲ ಫೋನು ಅವರಿಗೇ. ಅವರ ಪ್ರಕಾರ ಬಂದೂಕಿನಿಂದ ಮತ್ತಿನ ಸೂಜಿ, ಅಂದರೆ ಡಾರ್ಟ್, ಹೊಡೆದು ಮಲಗಿಸಿ, ಲಾರಿಗೆ ಎತ್ತುವುದು. ನಾನು ಎದ್ದು ನಿಂತು ಬೇರೆ ದಾರಿ ಹೇಳಿದೆ — ಎರಡೂ ಬದಿಗೆ ಎತ್ತರದ ಬಟ್ಟೆಯ ಪರದೆ ಕಟ್ಟುವುದು, ಅಗಲದಿಂದ ಶುರುವಾಗಿ ಓಣಿಯ ಹಾಗೆ ಸಣ್ಣದಾಗುತ್ತ ಹೋಗಬೇಕು, ಕೊನೆಗೆ ಲಾರಿ. ಆಚೆ ಕಾಣದಿದ್ದರೆ ಚಿಗರಿ ಬಟ್ಟೆಯನ್ನೂ ಗೋಡೆ ಅಂದುಕೊಳ್ಳುತ್ತದೆ. ಬೇರೆ ದೇಶಗಳಲ್ಲಿ ಮಾಡುತ್ತಾರೆ.

ಸರ್ ನಕ್ಕರು, ಕೆಟ್ಟ ನಗೆಯಲ್ಲ. “ಹುಲಿಗೂ ಹೊಡದೇನವಾ, ಕರಡಿಗೂ ಹೊಡದೇನಿ. ಗುರಿ ತಪ್ಪಿಲ್ಲ. ಪರದೆ ಕಟ್ಟಿ ಚಿಗರಿ ಹಿಡೀತೇವಂದ್ರ ಮಂದಿ ಟಿಕೀಟ ಎಲ್ಲೈತಿ ಅಂತಾರ.”

ಇಡೀ ಕೋಣೆ ನಕ್ಕಿತು. ಕೂತೆ. ಕಿವಿ ಇನ್ನೂ ಬಿಸಿಯಾಗಿದೆ.

೧೮ ನವೆಂಬರ್

ಇವತ್ತು ಒಂದು ಡಾರ್ಟ್. ಗೌಸಸಾಬರು ಬಾನು ಅಂತ ಕರೆಯುವ ಹೆಣ್ಣು ಚಿಗರಿಗೆ ತೊಡೆಯಲ್ಲಿ ತಂತಿ ಹರಿದ ಗಾಯ, ಹುಳ ಬಿದ್ದಿತ್ತು. ಹಿಡಿಯದೆ ಗತಿಯಿರಲಿಲ್ಲ.

ಬಂದೂಕು ಕಂಡದ್ದೇ ತಡ, ಬಾನು ಬೇಲಿಯುದ್ದಕ್ಕೂ ಓಡಿತು. ಭಾಳ ಹೊತ್ತು. ಆಮೇಲೆ ಸರ್ ಹೊಡೆದದ್ದು ಮಾತ್ರ... ಒಪ್ಪಲೇಬೇಕು. ಸರಿಯಾದ ಮಾಂಸದ ಮೇಲೆ, ಸರಿಯಾದ ಅಳತೆ. ತೂರಾಡಿತು, ಕೂತಿತು, ಒರಗಿತು. ಅವರು ಅದನ್ನು ಎದೆ ನೆಲಕ್ಕೆ ತಾಗುವಂತೆ ಕೂರಿಸಿ ತಲೆ ಎತ್ತಿ ಮೂಗು ಕೆಳಗೆ ಮಾಡಿಸಿದರು, ಹೊಟ್ಟೆ ಉಬ್ಬಬಾರದು, ಜೊಲ್ಲು ಉಸಿರಿಗೆ ಹೋಗಬಾರದು. ಕಣ್ಣಿಗೆ ಬಟ್ಟೆ, ಕಿವಿಗೆ ಹತ್ತಿ. ನಾನು ಥರ್ಮಾಮೀಟರ್ ಹಿಡಿದೆ — ಜ್ವರ ಏರುತ್ತಲೇ ಇದೆ. ಮತ್ತಿನಲ್ಲಿ ದೇಹಕ್ಕೆ ತನ್ನ ಬಿಸಿ ತಾನೇ ಇಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ನೀರು ಸುರಿದೆವು. ಕೈಯಿಟ್ಟರೆ ಎದೆಬಡಿತ ಎಣಿಸಲಾಗದಷ್ಟು ಜೋರು. ಕಾಲು ಮಲಗಿದೆ, ಭಯ ಮಲಗಿಲ್ಲ.

ಗಾಯ ತೊಳೆದು, ಅಮಲು ಇಳಿಸುವ ಇಂಜೆಕ್ಷನ್ ಕೊಟ್ಟರು. ಎದ್ದು ನಿಂತು ನಡೆದೇ ಹೋಯಿತು. ಚಪ್ಪಾಳೆ. ಸರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳೇಕೆ.

೨೨ ನವೆಂಬರ್

ಬಾನು ಇಲ್ಲ.

ನಿನ್ನೆ ಹಿಂಗಾಲು ಸೆಟೆದು ನಿಂತಿತ್ತು. ಮೂತ್ರ ಚಹಾದ ಡಿಕಾಕ್ಷನ್ ಬಣ್ಣ. ಕತ್ತು ಎತ್ತಲಾಗಲಿಲ್ಲ. ಬೆಳಗ್ಗೆ ಗೌಸಸಾಬರು ಫೋನು ಮಾಡಿ ಅತ್ತರು.

ಪೋಸ್ಟ್‌ಮಾರ್ಟಂ ಸರ್ ಅವರೇ ಮಾಡಿದರು. ತೊಡೆಯ ಮಾಂಸ ಬೇಯಿಸಿದ ಹಾಗೆ ಬಿಳಿಚಿತ್ತು. ಜೀವ ಇರುವಾಗಲೇ ಬೆಂದದ್ದು. ಭಯದಲ್ಲಿ ಓಡಿ ಓಡಿ ಸ್ನಾಯು ಒಡೆಯುತ್ತದೆ, ಒಡೆದದ್ದು ರಕ್ತಕ್ಕೆ ಸೇರಿ ಮೂತ್ರಪಿಂಡ ಕಟ್ಟುತ್ತದೆ. ಆ ದಿನ ಎಲ್ಲ ಚಂದ ಕಾಣುತ್ತದೆ, ಸಾವು ಆಮೇಲೆ ಬರುತ್ತದೆ. ಓದಿದ್ದೆ. ಕಣ್ಣಾರೆ ಕಂಡದ್ದು ಇವತ್ತೇ.

ಸರ್ ಕೈ ತೊಳೆಯುತ್ತ ಅಂದರು, “ಮದ್ದಿನ ಅಳತಿ ತಪ್ಪಿಲ್ಲ ಸುನಂದಾ. ಓಟ ಕೊಂದೈತಿ. ನಿನ್ನ ನಾಟಕದ ಪರದೆ ಕಟ್ಟು, ನೋಡೂಣು.”

ಷರತ್ತೂ ಹೇಳಿದರು. ಸಂಕ್ರಾಂತಿಯೊಳಗೆ ಮುಗಿಯಬೇಕು, ಆಮೇಲೆ ಬಿಸಿಲು ಏರುತ್ತದೆ. ಅಷ್ಟರಲ್ಲಿ ಲಾರಿ ಹತ್ತದೆ ಉಳಿದದ್ದಕ್ಕೆ ಡಾರ್ಟೇ. ಅರಣ್ಯ ಇಲಾಖೆಯ ಮೇಲಿನವರ ಮಾತು ಇನ್ನೂ ಖಡಕ್: ಇನ್ನೊಂದು ಸತ್ತರೆ ಎಲ್ಲ ಬಂದ್. ಉಳಿದವು ಯಾವುದೋ ಊರಿನ ಪಂಜರಕ್ಕೆ, ಸಾಯುವ ತನಕ.

ಸಾವ್ಕಾರ ಸಾಯುವ ತನಕ ಪಂಜರದಲ್ಲಿ... ಆಗಗೊಡುವುದಿಲ್ಲ.

೩೦ ನವೆಂಬರ್, ಇಳಕಲ್

ಮನೆಗೆ ಬಂದೆ. ಪರದೆಗೆ ಬಟ್ಟೆ ಬೇಕು — ದಪ್ಪ, ಅಗಲ, ಆಚೆ ಬೆಳಕು ಕಾಣದ್ದು. ಅವ್ವ ಮಗ್ಗದಿಂದ ಏಳದೆ ಎಲ್ಲ ಕೇಳಿದಳು. ಸಕ್ರವ್ವನ ಸೀರೆ ಅಂದರೆ ಇಳಕಲ್ಲಿನಲ್ಲಿ ಬಾರ್ಡರ್ ನೋಡಿಯೇ ಗುರುತು ಹಿಡಿಯುತ್ತಾರೆ. ಅಂಥವಳಿಗೆ ಚಿಗರಿಯ ಪರದೆ ಕೇಳಿದೆ.

ಓಣಿಯ ಪವರ್‌ಲೂಮಿನಿಂದ ದಪ್ಪ ಬಟ್ಟೆ ತರಿಸಿ ಹೊಲಿಸಿ ಕೊಡುವುದಾಗಿ ಒಪ್ಪಿದಳು, ಮುಖ ಮಾತ್ರ ಗಂಟು. ಹೊರಡುವಾಗ ಕೇಳಿದಳು, ನೋಡಾಕ ಯಾರ್ಯಾರು ಬರ್ತಾರು? ಆಫೀಸರು, ಡಾಕ್ಟರು ಅಂದೆ. ತಲೆ ಆಡಿಸಿದಳು. ಆ ತಲೆಯಾಟದ ಅರ್ಥ ಏನೋ, ನನಗೆ ತಿಳಿಯಲಿಲ್ಲ.

೯ ಡಿಸೆಂಬರ್

ಪರದೆ ಬಂತು, ಕಂಬ ನೆಟ್ಟು ಕಟ್ಟಿದೆವು. ಬಟ್ಟೆ ಹಲಗೆಯ ಹಾಗೆ ಖಡಕ್. ಗಾಳಿಗೆ ಪಟಪಟ ಅನ್ನುವುದಿಲ್ಲ. ಅವ್ವನ ಕೆಲಸ ಅಂದರೆ ಕೆಲಸ. ಚಿಗರಿಗಳು ಆಚೆ ಮೂಲೆಗೆ ಸೇರಿ ಗುಂಪಾಗಿ ನಿಂತಿವೆ, ಕಿವಿ ನೆಟ್ಟಗೆ. ಮನುಷ್ಯರೆಲ್ಲ ಹೊರಗೆ ಅಂದೆ. ಟ್ರಸ್ಟಿನ ಮ್ಯಾನೇಜರನ್ನೂ ಹೊರಗೆ ಹಾಕಿದೆ. ಅವರ ಮುಖ ನೋಡಬೇಕಿತ್ತು.

೧೨ ಡಿಸೆಂಬರ್, ಬೆಳಗ್ಗೆ

ಪರದೆಗೆ ತೂತು! ಒಂದಲ್ಲ, ಸಾಲಾಗಿ, ಮೊಳಕಾಲೆತ್ತರಕ್ಕೆ. ಅಂಚು ಒದ್ದೆ. ಮೊದಲು ಇಲಿ ಅಂದುಕೊಂಡೆ. ಕೂತು ನೋಡಿದರೆ ಒಂದು ಹೆಣ್ಣು ಚಿಗರಿ ನಿಧಾನ ಬಂತು, ಬಟ್ಟೆ ನೆಕ್ಕಿತು, ಆಮೇಲೆ ಜಗಿಯತೊಡಗಿತು. ಹಿಂದೆ ಇನ್ನೊಂದು.

ಅವ್ವನಿಗೆ ಫೋನು. ಬಟ್ಟೆಗೆ ಏನು ಮಾಡಿದಿ ಅಂತ ಕೂಗಿದೆ. ಗಂಜಿ ಹಾಕೇನಿ ಅಂದಳು, ಶಾಂತವಾಗಿ. ಜೋಳದ ಗಂಜಿ, ಹುಳಿ ಬರಬಾರದು ಅಂತ ಚೂರು ಉಪ್ಪು. ಯಾರು ಹಾಕು ಅಂದರು? ಅದಕ್ಕೆ ಅವಳ ಉತ್ತರ:

“ಆಫೀಸರ ಬರ್ತಾರ ಅಂದಿ. ನನ್ನ ಮನಿಯಿಂದ ಗಂಜಿ ಇಲ್ಲದ ಬಟ್ಟಿ ಹೊರಗ ಹೋಗಾಂಗಿಲ್ಲ.”

ಮಗ್ಗದವರಲ್ಲದೆ ಇಂಥ ತಪ್ಪು ಯಾರು ಮಾಡಿಯಾರು! ಸಿಟ್ಟಿನಲ್ಲಿ ಫೋನ್ ಇಟ್ಟೆ.

ಅದೇ ದಿನ, ಸಂಜೆ

ಜಲಾಲುದ್ದೀನ ಸರ್ ಬಂದರು. ಹರಿದ ಪರದೆ ತೋರಿಸಲು ಮನಸ್ಸಿರಲಿಲ್ಲ, ಅವರೇ ಮರೆಯಿಂದ ನೋಡಿದರು. ಹೆಣ್ಣುಗಳು ಪರದೆಗೆ ಮೂಗು ಹಚ್ಚಿ ನಿಂತಿದ್ದವು, ಬಾಲ ಸಡಿಲ, ಕಿವಿ ಸಡಿಲ.

“ಹೆದರಿದ ಪ್ರಾಣಿ ತಿನ್ನೂದಿಲ್ಲವಾ,” ಅಂದರು ಮೆಲ್ಲಗೆ.

ಹೌದಲ್ಲ. ತೂತಿನ ಸಿಟ್ಟಿನಲ್ಲಿ ಅಷ್ಟೂ ಹೊಳೆದಿರಲಿಲ್ಲ. ಓಡಿಸಬೇಕಾಗಿಯೇ ಇಲ್ಲ! ಗಂಜಿಯ ಬಟ್ಟೆಯನ್ನು ಲಾರಿಯೊಳಗೆ ಕಟ್ಟಿದರೆ, ಲಾರಿಯನ್ನು ಇಲ್ಲೇ ಬಿಟ್ಟರೆ, ತಾವಾಗಿಯೇ ಹತ್ತುತ್ತವೆ. ಸರ್‌ಗೆ ಹೇಳಿದೆ. ಅವರು ಬೇಡ ಅನ್ನಲಿಲ್ಲ.

ಅವ್ವನಿಗೆ ಮತ್ತೆ ಫೋನು. ಈ ಸಲ ದನಿ ತಗ್ಗಿಸಿ. ಇನ್ನಷ್ಟು ಗಂಜಿ ಬಟ್ಟೆ ಬೇಕವ್ವಾ ಅಂದೆ. “ರುಚಿ ಆಗೇತಿ ಅನ್ನು,” ಅಂದಳು. ಇಡೀ ಓಣಿಗೆ ಹೇಳಿರುತ್ತಾಳೆ ಇಷ್ಟೊತ್ತಿಗೆ.

೨೧ ಡಿಸೆಂಬರ್

ಲಾರಿ ಪರದೆಯ ಕೊನೆಗೆ ಹಿಮ್ಮುಖ ನಿಂತಿದೆ. ಒಳಗೆ ಎರಡು ಖೋಲಿ, ನಡುವೆ ಎಳೆದು ಮುಚ್ಚುವ ಹಲಗೆ — ಹೆಣ್ಣುಗಳು ಮುಂದೆ, ಕೋಡಿನವನು ಹಿಂದೆ. ಹತ್ತಲು ಮಣ್ಣಿನ ಇಳಿಜಾರು, ಮೇಲೆ ಹುಲ್ಲು. ಐದು ಹೆಣ್ಣೂ ಹತ್ತುತ್ತವೆ, ನೆಕ್ಕುತ್ತವೆ, ಇಳಿಯುತ್ತವೆ. ಸಂತೆಗೆ ಹೋಗಿ ಬಂದ ಹಾಗೆ.

ಸಾವ್ಕಾರ ಮಾತ್ರ ಹತ್ತುವುದಿಲ್ಲ. ಇಳಿಜಾರಿನ ಬುಡದಲ್ಲಿ ನಿಲ್ಲುತ್ತಾನೆ, ಲಾರಿಯನ್ನು ನೋಡುತ್ತಾನೆ, ತಿರುಗಿ ಹೋಗುತ್ತಾನೆ. ಸಿಟ್ಟು ಬಂತು. ಒಳಗೊಳಗೆ ಖುಷಿಯೂ ಆಯಿತು, ಗಂಜಿಗೆ ಮಾರಿಕೊಳ್ಳುವ ಪೈಕಿ ಅಲ್ಲ ಇವನು.

೩ ಜನವರಿ ೨೦೨೬

ಲ್ಯಾಬಿನಿಂದ ರಿಸಲ್ಟ್. ಡಾರ್ಟ್ ಆದ ಮರುದಿನ ಎಲ್ಲವುಗಳ ಹಿಕ್ಕೆಯಲ್ಲೂ ಹಾರ್ಮೋನು ಮುಗಿಲು ಮುಟ್ಟಿತ್ತು — ಹೊಡೆಸಿಕೊಂಡದ್ದರಲ್ಲಿ ಮಾತ್ರ ಅಲ್ಲ, ನೋಡಿದ್ದವುಗಳಲ್ಲೂ. ಈಗ ಹೆಣ್ಣುಗಳದ್ದು ನಾನು ಬಂದ ಮೊದಲ ವಾರಕ್ಕಿಂತ ಕೆಳಗಿದೆ. ಮೂರು ಸಲ ನೋಡಿದೆ. ಸರ್‌ಗೆ ಕಳಿಸಿದೆ. ಉತ್ತರವಾಗಿ ಒಂದು ಥಂಬ್ಸ್ ಅಪ್. ಅವರ ಮಟ್ಟಿಗೆ ಅದು ದೊಡ್ಡ ಸತ್ಕಾರ.

ಸಾವ್ಕಾರನದು ಇಳಿದಿಲ್ಲ.

೧೦ ಜನವರಿ

ಇನ್ನೂ ಹತ್ತಿಲ್ಲ. ಸರ್ ಡಾರ್ಟಿನ ಪೆಟ್ಟಿಗೆ ತಂದು ಆಫೀಸಿನಲ್ಲಿಟ್ಟಿದ್ದಾರೆ. ಮಾತು ಕೊಟ್ಟಿದ್ದಿ ಅಂತ ನೆನಪಿಸಿದರು, ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಗೌಸಸಾಬರು ಬೆಲ್ಲ ಇಟ್ಟು ನೋಡಿದರು, ಹಸಿ ಕಡಲೆ ಗಿಡ ಇಟ್ಟು ನೋಡಿದರು. ಇಲ್ಲ.

ಅವನಿಗೆ ಡಾರ್ಟ್ ಆದರೆ... ಬಾನುವಿನ ತೊಡೆ ಕಣ್ಣ ಮುಂದೆ ಬರುತ್ತದೆ. ಊಟ ಸೇರಲಿಲ್ಲ.

೧೨ ಜನವರಿ, ಬೆಳಗ್ಗೆ ೭.೩೦

ಹಿಕ್ಕೆ ಆಯುವಾಗ ಹೊಳೆಯಿತು. ಬೇರೆ ಎಲ್ಲಿ ಹೊಳೆಯಬೇಕು ನನಗೆ!

ಅವನಿಗೆ ಬೇಕಾದದ್ದು ತಿನಿಸಲ್ಲ, ಜಾಗ. ಇಲ್ಲಿ ಯಾವುದೂ ಅವನದಲ್ಲ. ಗೌಸಸಾಬರು ದಿನಾ ಗುಡಿಸುತ್ತಾರೆ, ಪ್ರವಾಸಿಗರು ಬರುತ್ತಾರೆಂದು ನೆಲ ಚೊಕ್ಕ. ಗುಡ್ಡೆ ಮಾಡಲು ಬಿಟ್ಟರೆ ತಾನೇ ಮಾಡುವುದು! ನಾನೂ ಅಷ್ಟೇ, ದಿನಾ ಆಯ್ದು ಟ್ಯೂಬಿಗೆ ತುಂಬಿದವಳು. ಇಬ್ಬರೂ ಸೇರಿ ಅವನ ವಾಸನೆಯನ್ನೇ ಒಯ್ದಿದ್ದೇವೆ.

ಇವತ್ತು ಲ್ಯಾಬಿಗೆ ಒಂದೂ ಇಲ್ಲ. ಸಾವ್ಕಾರನ ಹಿಕ್ಕೆ ಎಲ್ಲ ಬುಟ್ಟಿಗೆ ಆಯ್ದು, ಲಾರಿಯ ಹಿಂದಿನ ಖೋಲಿಯಲ್ಲಿ ಒಂದೇ ಕಡೆ ಗುಡ್ಡೆ ಹಾಕಿದೆ. ಕಸಬರಿಗೆ ಕಸಿದುಕೊಂಡೆ. ಗೌಸಸಾಬರು ನೋಡಿ, “ಇದೇನ್ರಿ, ಬೆಳಿ ತಂದು ಹೊಲಕ್ಕ ಹಾಕಾಕತ್ತೀರಿ?” ಅಂದರು. ಹೂಂ ಅಂದೆ.

ಅದೇ ದಿನ, ಸಂಜೆ ೫

ಹತ್ತಿದ.

ಮೊದಲು ಬುಡದಲ್ಲಿ ನಿಂತು ಗಾಳಿ ಮೂಸಿದ. ಮುಂಗಾಲು ಇಟ್ಟ, ತೆಗೆದ. ಮತ್ತೆ ಇಟ್ಟ. ಒಳಗೆ ಹೋಗಿ ಗುಡ್ಡೆ ಮೂಸಿದ... ತುಂಬಾ ಹೊತ್ತು. ಆಮೇಲೆ ತಿರುಗಿ ನಿಂತು, ಅದರ ಮೇಲೆಯೇ, ತನ್ನದನ್ನೂ ಹಾಕಿದ. ಮರೆಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಅತ್ತೆ. ಒಂದು ಪ್ರಾಣಿ ಹಿಕ್ಕೆ ಹಾಕಿದ್ದಕ್ಕೆ ಇಷ್ಟು ಹೆಮ್ಮೆಪಟ್ಟ ಹೆಣ್ಣುಮಗಳು ಕುಳಗೇರಿ ಕ್ರಾಸಿನಲ್ಲಿ ಇನ್ನೊಬ್ಬಳಿರಲಾರಳು.

ಇವತ್ತು ಬಾಗಿಲು ಎಳೆಯಲಿಲ್ಲ. ನಾಳೆ ತಂಪು ಹೊತ್ತಿನಲ್ಲಿ.

೧೩ ಜನವರಿ

ಬಿಟ್ಟು ಬಂದೆವು. ಆರೂ.

ಬೆಳಗ್ಗೆ ಹೆಣ್ಣುಗಳು ಗಂಜಿಗೆ ಹತ್ತಿದವು, ಹಲಗೆ ಮುಚ್ಚಿತು. ಆಮೇಲೆ ಸಾವ್ಕಾರ ತನ್ನ ಗುಡ್ಡೆಗೆ. ದೂರದಿಂದ ಹಗ್ಗ ಎಳೆದೆ, ಬಾಗಿಲು ಸದ್ದಿಲ್ಲದೆ ಕೂತಿತು. ಬಾಗಿಲು ಮುಚ್ಚಿ ಒಳಗೆ ಕತ್ತಲಾದ ಮೇಲೂ ಯಾವುದೂ ಒದೆಯಲಿಲ್ಲ. ಬಾದಾಮಿ, ಗುಳೇದಗುಡ್ಡ, ಅಮೀನಗಡ ದಾಟುವ ತನಕ ಹಾರ್ನ್ ಹೊಡೆಯಬೇಡ ಅಂತ ಡ್ರೈವರಿಗೆ ಆಣೆ ಹಾಕಿಸಿದ್ದೆ. ಸರ್ ಹಿಂದಿನ ಜೀಪಿನಲ್ಲಿ, ತೊಡೆಯ ಮೇಲೆ ಡಾರ್ಟಿನ ಪೆಟ್ಟಿಗೆ. ತೆರೆಯಲೇ ಇಲ್ಲ.

ಬಯಲಿನಲ್ಲಿ ಬಾಗಿಲು ತೆಗೆದಾಗ ಹೆಣ್ಣುಗಳು ನಡೆದು ಇಳಿದವು. ಸಾವ್ಕಾರ ಕೊನೆಗೆ. ಸುತ್ತ ಬೇಲಿ ಇದೆ ಸದ್ಯಕ್ಕೆ, ಕೆಲವು ವಾರ ಕಳೆದ ಮೇಲೆ ತೆಗೆಯುತ್ತಾರೆ. ಎಲ್ಲರೂ ಕೈ ಕುಲುಕಿದರು. ಈಗಲೇ ಬೇಡ ಅಂದೆ. ಬಾನು ಕೂಡ ಎದ್ದು ನಡೆದಿತ್ತು.

೧೭ ಜನವರಿ

ಬಾನು ಹೋದದ್ದು ಇಷ್ಟೇ ದಿನಕ್ಕೆ. ಬೆಳಗ್ಗೆಯಿಂದ ದುರ್ಬೀನು ಇಳಿಸಿಲ್ಲ. ಹೆಣ್ಣುಗಳು ಮೇಯುತ್ತಿವೆ. ಸಾವ್ಕಾರ ಒಂಟಿ, ತಲೆ ತಗ್ಗಿಸಿ ನಿಂತಿದ್ದಾನೆ. ಹಿಂಗಾಲು ಸೆಟೆದಿದೆಯೇ? ದೂರ, ತಿಳಿಯುವುದಿಲ್ಲ. ಹತ್ತಿರ ಹೋದರೆ ಓಡುತ್ತಾನೆ, ಓಡಬಾರದು. ಕೂತಲ್ಲೇ ಕೂತಿದ್ದೇನೆ. ಸರ್ ಎರಡು ಸಲ ಫೋನು.

೧೮ ಜನವರಿ

ಇದ್ದಾನೆ. ನಡೆಯುತ್ತಿದ್ದಾನೆ. ಹೆಜ್ಜೆ ಸರಿಯಿದೆ.

೮ ಫೆಬ್ರವರಿ

ಬೇಲಿ ತೆಗೆದರು. ಸರ್ ಬಂದಿದ್ದರು, ಅವ್ವನನ್ನೂ ಕರೆದುಕೊಂಡು ಬಂದಿದ್ದೆ. ಹಬ್ಬದ ಸೀರೆ ಉಟ್ಟಿದ್ದಳು. ಸರ್ ಅವಳಿಗೆ ಕೈಮುಗಿದು, ಇಷ್ಟು ವರ್ಷದಾಗ ಬಂದೂಕ ಎತ್ತದ ಗೆದ್ದದ್ದು ಇದ ಮೊದಲ್ರಿ ಅಂದರು. ಅವ್ವ ಕೇಳಿದ್ದು ಒಂದೇ: ನನ್ನ ಬಟ್ಟಿ ತಿಂದದ್ದು ಯಾವುದು? ಬೆರಳು ತೋರಿಸಿದೆ. ಬಹಳ ಹೊತ್ತು ನೋಡಿದಳು. ಚಂದ ಅದಾವು ಅಂದಳು.

ಹೆಣ್ಣುಗಳು ಬೇಲಿಯಿದ್ದ ಗೆರೆ ದಾಟಿ ಹೋದವು. ಸಾವ್ಕಾರ ಗೆರೆಯ ತನಕ ಬಂದು ತಿರುಗಿದ. ಇಲ್ಲದ ಬೇಲಿಯುದ್ದಕ್ಕೂ ಹೋಗುತ್ತಾನೆ, ಬರುತ್ತಾನೆ. ಅದನ್ನು ಮಾತ್ರ ನೋಡಲಾಗಲಿಲ್ಲ.

೨೭ ಫೆಬ್ರವರಿ, ಬೆಳಗ್ಗೆ ೭.೧೦, ಬಯಲಿನಲ್ಲೇ ಕೂತು

ಊರಿಗೆ ಹೋಗಿ, ವಾರ ಬಿಟ್ಟು ಬಂದೆ. ಗೆರೆಯ ಹತ್ತಿರ ಅವನಿಲ್ಲ. ಹೆಜ್ಜೆಯೂ ಇಲ್ಲ. ಹುಡುಕುತ್ತ ಬಂದೆ, ಗೆರೆಯಿಂದ ಎಷ್ಟೋ ಆಚೆ, ಎರೆ ನೆಲದ ಬಟಾಬಯಲು.

ಇಲ್ಲಿ, ಕಾಲ ಬುಡದಲ್ಲಿ, ಗುಡ್ಡೆ.

ಹಿಕ್ಕೆಯ ಗುಡ್ಡೆ. ಅಡಿಯಲ್ಲಿ ಒಣಗಿ ಬೂದಿಬಣ್ಣ, ಮೇಲೆ ಕರಿ, ತುತ್ತತುದಿಯಲ್ಲಿ ಇನ್ನೂ ಹೊಳಪು ಆರದ್ದು. ದಿನಾ ಬಂದಿದ್ದಾನೆ. ಒಂದೇ ಕಡೆ. ಸುತ್ತ ಹುಲ್ಲು ತುಳಿದು ಮಟ್ಟಸ, ನಡುವೆ ಕೂತ ಗುರುತು.

ಟ್ಯೂಬು ತೆಗೆದೆ. ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತೆ, ಮತ್ತೆ ಮುಚ್ಚಿದೆ. ಇದನ್ನು ನಾನು ಆಯುವುದಿಲ್ಲ. ಸರ್‌ಗೆ, ಅವ್ವನಿಗೆ, ಗೌಸಸಾಬರಿಗೆ ಫೋಟೋ ಕಳಿಸಿದೆ. ಹಿಕ್ಕೆಯ ಫೋಟೋ, ನಗಲಿ. ಗೌಸಸಾಬರಿಂದ ಆಗಲೇ ಬಂತು: “ಬೆಳಿ ಬಂತಲ್ರಿ ಡಾಕ್ಟರ.”

ಅಲ್ಲಿದ್ದಾನೆ. ಕಂಡ. ಮೈ ಕಪ್ಪೇರಿದೆ, ಇಷ್ಟು ಕಪ್ಪು ನಾನು ನೋಡಿರಲಿಲ್ಲ. ನನ್ನನ್ನೂ ನೋಡಿದ. ಓಡಬೇಕಿತ್ತು, ಓಡುತ್ತಿಲ್ಲ. ಮೂತಿ ಮೇಲೆತ್ತಿ, ಕೋಡು ಬೆನ್ನಿಗೆ ಹಚ್ಚಿ, ಬಾಲ ಸುರುಳಿ ಮಾಡಿ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬರುತ್ತಿದ್ದಾನೆ. ನನ್ನ ಕಡೆಗೇ. ಜಾಗ ಬಿಡು ಅನ್ನುತ್ತಿದ್ದಾನೆ, ನನಗೇ.

ಬಿಡ್ತೇನಪ್ಪಾ ಸಾವ್ಕಾರ, ನಿಂದ ಐತಿ. ಬಿಡಬೇಕು, ಹತ್ತಿರ ಬಂದ, ಉಳಿದದ್ದು ಮನೆಗೆ ಹೋಗಿ —